ಮೈಕಿನ ಮುಂದ ಬೀಸೂಕಲ್ಲು

“ಹುನಗುಂದದಾಗ ಒಂದನೇ ನಂಬರ ಹೊಡಕೊಂಡು ಬರಲಿಲ್ಲಂದ್ರ ನಾ ಬೋರವ್ವನ ಅಲ್ಲ! ಮತ್ತ ಈ ಜಲ್ಮದಾಗ ನನ್ನ ಬಾಯಿಂದ ಒಂದು ಪದ ಕೇಳಿದ್ರ ಕೇಳ್ರಿ!”

ಮರೋಳದ ಬೋರವ್ವ ಸೆರಗು ಸೊಂಟಕ್ಕ ಸಿಗಿಸಿಕೊಂಡು ಹಿಂಗ ಆಣಿ ಮಾಡಿದಳು. ಯಾರ ಮುಂದ? ಗಂಡ ಬಂಡೆಪ್ಪನ ಮುಂದ. ಸಾಲಿ ಕಲಿಸೂ ಈರಪ್ಪ ಮಾಸ್ತರ ಮುಂದ. ಕಟ್ಟಿ ಮ್ಯಾಲೆ ಕಾಲು ಇಳಿಬಿಟ್ಟು ಕುಂತ ಹತ್ತು ಮಂದಿ ಡೊಳ್ಳಿನವರ ಮುಂದ! ಹೆಣಮಗಳು ಒಬ್ಬರ ಮುಂದ ಆಡಿದ ಮಾತು ಊರು ಮುಟ್ಟಾಕ ಹೊತ್ತು ಬೇಕಾಗತೈತಿ. ಡೊಳ್ಳಿನವರ ಮುಂದ ಆಡಿದ್ದಕ್ಕ ಅಷ್ಟೂ ಹೊತ್ತು ಹಿಡೀಲಿಲ್ಲ.

ಆಗಿದ್ದು ಇಷ್ಟ. ಇಸವಿ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ಜ್ವಾಳದ ಸುಗ್ಗಿ ಮುಗದು ಮಂದಿ ಕೈ ಕಾಲು ಚಾಚಿದ್ದರು. ಈರಪ್ಪ ಮಾಸ್ತರ ಒಂದು ಹಾಳಿ ಹಿಡಕೊಂಡು ಬಂದರು. “ಬಂಡೆಪ್ಪಾ, ಬರೂ ಆಯ್ತವಾರ ಹುನಗುಂದದ ಸಾಲಿ ಬಯಲಾಗ ಹಳ್ಳಿ ಹಾಡಿನ ಮೇಳ ಇಟ್ಟಾರ. ಮುಂಜಾನಿಂದ ಸಂಜಿತನಕ. ಡೊಳ್ಳು, ಕರಡಿ ಮಜಲು, ಭಜನಿ, ಸೋಬಾನ, ಎಲ್ಲಾ! ನಿಮ್ಮ ಡೊಳ್ಳಿನ ಮೇಳ ಬರಕೊಂಡೇನಿ. ಹೆಣಮಕ್ಕಳ ಪದಕ್ಕ ಬ್ಯಾರೆ ಬಹುಮಾನ ಇಟ್ಟಾರ. ನಿಮ್ಮ ಮನ್ಯಾಗ ಯಾರರ ಹಾಡ್ತಾರೇನು?”

ಬಂಡೆಪ್ಪ ಮೀಸಿ ತಿರುವಿದ. ಬೇವೂರಿಂದ ಬದಾಮಿತನಕ ‘ಡೊಳ್ಳಿನ ಬಂಡೆಪ್ಪ’ ಅಂದ್ರ ಮಂದಿ ಎದ್ದು ಜಾಗಾ ಬಿಡ್ತಿದ್ದರು. ಅವನ ಮನ್ಯಾಗ ಡೊಳ್ಳಿಗಿ ನಡುಮನಿ ತೊಲಿ, ಸೋಮಾರಕ್ಕೊಮ್ಮೆ ಲೋಬಾನದ ಹೊಗಿ. ಹೆಂಡತಿಗಿ ಒಲಿ ಹೊಗಿ, ಅದಕ್ಕ ವಾರ ಇಲ್ಲ!

“ನಮ್ಮ ಮನ್ಯಾಗ ಯಾರು ಹಾಡ್ತಾರ್ರಿ ಮಾಸ್ತರ? ಇಕಿ ಮಲಗಿದಾಗ ಗೊರಕಿ ಹೊಡೀತಾಳ. ಅದೂ ತಾಳ ತಪ್ಪಿ!”

ಹತ್ತು ಮಂದಿ ಡೊಳ್ಳಿನವರು ಹೋ ಅಂತ ನಕ್ಕರು. ಒಳಗ ರೊಟ್ಟಿ ಬಡಿಯೂ ಸಪ್ಪಳ ನಿಂತಿತು. ಹಿಟ್ಟಿನ ಕೈಲೆ ಹೊರಗ ಬಂದಳು ಬೋರವ್ವ.

“ಏನಂದ್ರಿ?”

“ಏನಿಲ್ಲ ಬಿಡ. ಮಾಸ್ತರು ಪದಾ ಹಾಡೂ ಹೆಣಮಕ್ಕಳು ಯಾರದಾರ ಅಂತ ಕೇಳಿದ್ರು.”

“ನಾ ಇಲ್ಲೇನು? ಬೀಸೂ ಪದಾ ನೂರಾ ಒಂದು ಅದಾವ ನನ್ನ ಹೊಟ್ಟ್ಯಾಗ. ನೂರಾ ಒಂದು!”

“ಬೀಸೂ ಪದಾನೂ ಒಂದು ಪದಾ ಏನ? ಅವು ಹಿಟ್ಟಿನ ಸಂಗಾಟ ಉದುರೂ ಪದಾ. ಹಿಟ್ಟು ಝಾಡಿಸಿದ್ರ ಅವೂ ಹೋಗ್ತಾವು. ಮೈಕಿನ ಮುಂದ ನಿಲ್ಲಾವಲ್ಲ ಅವು.”

ಆ ಮಾತು ಬೋರವ್ವಗ ಎದಿಗಿ ನಟ್ಟಿತು. ಇಪ್ಪತ್ತಾರು ವರ್ಷದ ಬಾಳುವೆದಾಗ ಗಂಡ ರೊಟ್ಟಿ ದಪ್ಪಂದಾನ, ಸಾರು ಸಪ್ಪಂದಾನ, ತವರುಮನಿ ಮಂದಿ ಬಾಯಿಬಡಕರು ಅಂದಾನ. ಎಲ್ಲಾ ನುಂಗಿದ್ದಳು. ಪದಕ್ಕ ಹಿಂಗ ಅಂದಿದ್ದಿಲ್ಲ. ಅದಕ್ಕ ಆಣಿ ಮಾಡಿಬಿಟ್ಟಳು. ಮಾಸ್ತರು ಹಾಳಿ ಮ್ಯಾಲೆ ‘ಬೋರವ್ವ, ಬೀಸೂ ಪದ’ ಅಂತ ಬರದೂ ಬಿಟ್ಟರು.

ಇಲ್ಲಿ ಒಂದು ಖರೆ ಮಾತು ಹೇಳಿಬಿಡಬೇಕು. ಬೋರವ್ವ ಬೀಸೂಕಲ್ಲು ಮುಟ್ಟಿ ಆರು ವರ್ಷ ಆಗಿತ್ತು! ಹುಲ್ಲಪ್ಪ ಊರಾಗ ಹಿಟ್ಟಿನ ಗಿರಣಿ ಇಟ್ಟ ದಿವಸದಿಂದ ಮರೋಳದಾಗ ಯಾವ ಮನಿ ಕಲ್ಲೂ ತಿರುಗಿದ್ದಿಲ್ಲ. ಬೋರವ್ವನ ಕಲ್ಲಿನ ಮ್ಯಾಲೆ ಒಂದು ಹ್ಯಾಟಿ ಕೋಳಿ ಕಾವಿಗಿ ಕುಂತಿತ್ತು. ಆದ್ರ ನಾಕು ಮಂದ್ಯಾಗ ಬೋರವ್ವ, “ಗಿರಣಿ ಹಿಟ್ಟು ನಮಗ ಒಗ್ಗೂದಿಲ್ಲವ್ವ, ನಾವು ಕೈಲೆ ಬೀಸಿದ್ದ ಉಣ್ಣಾವ್ರು” ಅಂತ ಹೇಳಿಕೋತ ಬಂದಿದ್ದಳು. ಸೋಮಾರಕ್ಕೊಮ್ಮೆ ಸೆರಗಿನಾಗ ಜ್ವಾಳದ ಪುಟ್ಟಿ ಮುಚ್ಚಿಕೊಂಡು ಹಿತ್ತಲ ದಾರಿಲೆ ಗಿರಣಿಗಿ ಹೋಗಿ ಬರ್ತಿದ್ದಳು.

ಬಾಜೂ ಮನಿ ಸತ್ಯವ್ವಗ ಇದೆಲ್ಲಾ ಗೊತ್ತು. ಇಬ್ಬರೂ ಹಿಂದ ಇಪ್ಪತ್ತು ವರ್ಷ ಒಂದ ಕಲ್ಲಿಗಿ ಎದುರಾ ಬದುರಾ ಕುಂತು, ಒಂದ ಗೂಟಕ್ಕ ಇಬ್ಬರೂ ಕೈ ಹಚ್ಚಿ ಬೀಸಿದವರು. ಬೋರವ್ವ ಪದಾ ಎತ್ತಿಕೊಡ್ತಿದ್ದಳು, ಸತ್ಯವ್ವ ಹಿಮ್ಮೇಳ.

“ಯಕ್ಕಾ, ಮಾತೇನೋ ಕೊಟ್ಟಿ. ಒಂದೀಟು ತಾಲೀಮರ ಮಾಡೂಣಲ್ಲ?” ಅಂದಳು ಸತ್ಯವ್ವ.

“ಮೀನಿಗಿ ಈಸು ಕಲಸ್ತಿ ಏನ ನೀ? ತಾಲೀಮು ಗಂಡಸರ ಡೊಳ್ಳಿಗಿ ಬೇಕು. ನಮಗ ಯಾಕ?”

“ಆರು ವರ್ಷ ಆತಲ್ಲಬೇ...”

“ಆರು ವರ್ಷ ಬಿಟ್ರ ಹಡದ ಮಕ್ಕಳ ಹೆಸರು ಮರೀತಾವೇನು? ಸುಮ್ಮನ ಹೋಗು. ಸೀರಿ ತಗದಿಟಗೋ!”

ಆಯ್ತವಾರ ಬಂತು. ಬೋರವ್ವ ಗಂಟಿನಾಗಿಂದ ಚಿಕ್ಕಿ ಪರಾಸ ದಡಿಯ ಇಳಕಲ್ಲ ಸೀರಿ ತಗದು ಉಟ್ಟಳು. ಹಣಿ ತುಂಬ ಕುಂಕುಮ, ಮುಡಿ ತುಂಬ ಹೂವು. ಟ್ರ್ಯಾಕ್ಟರಿನ್ಯಾಗ ಒಂದು ಕಡೆ ಡೊಳ್ಳಿನವರು, ಒಂದು ಕಡೆ ಬೋರವ್ವ, ಸತ್ಯವ್ವ. ಮೇಳ ನೋಡಾಕಂತ ಅರ್ಧ ಊರು ಏರಿತ್ತು. ಗಿರಣಿಗಿ ಬೀಗ ಜಡದು ಹುಲ್ಲಪ್ಪನೂ ಏರಿದ. ಅವನ್ನ ನೋಡಿದ ಕೂಡ್ಲೆ ಬೋರವ್ವ ಸೆರಗು ಮಾರಿ ಮ್ಯಾಲೆ ಎಳಕೊಂಡಳು. ‘ಈ ಮೂಳ ಯಾಕ ಬಂದ? ಇವನೇನರ ಬಾಯಿ ಬಿಟ್ಟಾನಲ್ಲ!’

ಸಾಲಿ ಬಯಲಾಗ ಪೆಂಡಾಲ ಹಾಕಿದ್ದರು. ನಾಕೂ ದಿಕ್ಕಿಗಿ ನಾಕು ಭೋಂಗಾ. ಒಬ್ಬರು ಕೆಮ್ಮಿದ್ರ ಬಸ್ ಸ್ಟ್ಯಾಂಡಿನ ಮಂದಿಗಿ ಕೇಳತಿತ್ತು. ಗುಣಾ ಹಾಕಿ ತೀರ್ಪು ಹೇಳಾಕ ಮೂರು ಮಂದಿ ಕುಂತಿದ್ದರು. ಅವರಾಗ ಒಬ್ಬರು ಕನ್ನಡಕದ ಸಾಹೇಬರು, ದೂರಿಂದ ಹಳ್ಳಿ ಪದಾ ಬರಕೊಳ್ಳಾಕ ಬಂದವರು. ಅವರು ಮಾತಾಡಿದ್ರ ಪಾಠ ಓದಿದಂಗ ಇರತಿತ್ತು.

ಬೋರವ್ವನಕಿಂತ ಮದಲ ಇಳಕಲ್ಲಿನ ಶಾರವ್ವನ ಪಾಳಿ. ಆಕಿ ಐದು ಮಂದಿ ಹೆಣಮಕ್ಕಳನ್ನ ಕಟಗೊಂಡು ಸೋಬಾನ ಹಾಡಿದಳು ನೋಡ್ರಿ, ಜೇನುತುಪ್ಪ ಸುರದಂಗ! ಚಪ್ಪಾಳಿ ನಿಲ್ಲಾಕ ಹೊತ್ತು ಹಿಡೀತು. ಶಾರವ್ವ ಕೆಳಗ ಇಳಕೋತ ಬೋರವ್ವನ್ನ ಮ್ಯಾಲಿಂದ ಕೆಳಗಿನತನಕ ನೋಡಿದಳು.

“ಮರೋಳದಾಕಿ ಅಲ್ಲೇನವ್ವ ನೀ? ತಾಳ ಇಲ್ಲ, ಬಾರಿಸಾಕ ದಮ್ಮಡಿ ಇಲ್ಲ, ಬರೇ ಬಾಯಿ ತಗೊಂಡು ಬಂದೀಯಲ್ಲ!”

“ನಮಗ ಬಾಯಿ ಒಂದ ಸಾಕವ್ವ. ಉಳದದ್ದು ನಿಮ್ಮಂಥವರಿಗಿ ಬೇಕಾಗತೈತಿ!” ಅಂದು ಬೋರವ್ವ ಪಟ್ಟದ ಆನಿ ಏರಿದಂಗ ಕಟ್ಟಿ ಏರಿದಳು.

ಕಂಬಳಿ ಹಾಸಿದ್ದರು. ಬೋರವ್ವ ಕುಂತಳು. ಎದುರಿಗಿ ಸತ್ಯವ್ವ ಕುಂತಳು. ನಡುವ ಮೈಕು. ಮುಂದಿನ ಸಾಲಿನ್ಯಾಗ ಬಂಡೆಪ್ಪ ಡೊಳ್ಳು ತೊಡಿ ಮ್ಯಾಲೆ ಇಟಗೊಂಡು, ‘ನೋಡೂಣು’ ಅನ್ನೂ ಮಾರಿ ಮಾಡಿಕೊಂಡು ಕುಂತಿದ್ದ. ಈರಪ್ಪ ಮಾಸ್ತರು ಗಂಟಿ ಹಿಡಕೊಂಡು ಹೇಳಿದರು: “ಐದು ನಿಮಿಷ ಐತಿ. ಶುರು ಮಾಡ್ರಿ ಬೋರವ್ವ.”

ಬೋರವ್ವ ಬಾಯಿ ತಗದಳು.

ಏನೂ ಬರಲಿಲ್ಲ!

ಮತ್ತ ತಗದಳು. ಗಾಳಿ ಬಂತು. ಪದಾ ಬರಲಿಲ್ಲ. ಹೊಟ್ಟ್ಯಾಗಿನ ನೂರಾ ಒಂದು ಪದಾ ನಾಯಿ ಕಂಡ ಬೆಳವನ ಹಕ್ಕಿ ಹಿಂಡಿನಂಗ ಭರ್ ಅಂತ ಹಾರಿ ಹೋಗಿದ್ದವು. ಒಂದರ ರೆಕ್ಕೀನೂ ಸಿಗವಲ್ಲದು! ಮೈಕಿನ್ಯಾಗ ಬರೇ ಆಕಿ ಉಸಿರು, ಹುಸ್ ಹುಸ್ ಅಂತ ಹುನಗುಂದದ ಬಜಾರ ತುಂಬ.

“ಸತ್ಯವ್ವ, ಮದಲಿಂದು ಯಾವದ?” ಅಂತ ಪಿಸುಗುಟ್ಟಿದಳು. ನಾಕು ಭೋಂಗಾ ಕೂಡಿ ಅದನ್ನೂ ಊರಿಗೆಲ್ಲಾ ಕೇಳಿದವು: ‘ಸತ್ಯವ್ವ, ಮದಲಿಂದು ಯಾವದ?’

“ನನಗೇನ ಗೊತ್ತಬೇ? ನೀ ಅಂದಿಂದ ನಾ ಅನ್ನಾಕಿ!” ಸತ್ಯವ್ವನ ಉತ್ತರಾನೂ ಬಸ್ ಸ್ಟ್ಯಾಂಡಿಗಿ ಮುಟ್ಟಿತು.

ಮಂದಿ ಕಿಸಕ್ಕಂತು. ಶಾರವ್ವ ಸೆರಗು ಬಾಯಿಗಿ ಒತ್ತಿಕೊಂಡಳು. ಬಂಡೆಪ್ಪ ತಲಿ ಕೆಳಗ ಹಾಕಿ ಡೊಳ್ಳಿನ ಹಗ್ಗ ಎಣಸಾಕ ಹತ್ತಿದ. ಬೋರವ್ವಗ ಭೂಮಿ ಬಾಯಿ ಬಿಟ್ರ ಸಾಕಾಗಿತ್ತು. ಆದ್ರ ಅದೂ ಹಲಿಗಿ ಹಾಸಿದ ಕಟ್ಟಿ, ಬಾಯಿ ಬಿಡಾಕ ಭೂಮಿ ಎಲ್ಲೈತಿ?

ಆಗ ಸತ್ಯವ್ವ ಒಂದು ಸೋಜಿಗ ಕಂಡಳು. ಬೋರವ್ವನ ಬಲಗೈ ತನ್ನಷ್ಟಕ್ಕ ತಾನ ಗಾಳ್ಯಾಗ ಗರಗರ ತಿರುಗಾಕ ಹತ್ತಿತ್ತು! ಬೆರಳು ಇಲ್ಲದ ಗೂಟ ಹಿಡದಿದ್ದವು!

“ಮಾಸ್ತರ! ಕಲ್ಲು ಬೇಕ್ರಿ ಇದಕ್ಕ! ಪದಾ ಇಕಿ ಬಾಯಾಗಿಲ್ಲ, ಕೈಯಾಗ ಅದಾವ! ಬೀಸೂಕಲ್ಲು ತರಸ್ರಿ!”

“ಕಲ್ಲಾ? ಸಾಲಿ ಬಯಲಾಗ ಬೀಸೂಕಲ್ಲು ಎಲ್ಲಿ ತರ್ಲೆವ್ವ?”

ಕನ್ನಡಕದ ಸಾಹೇಬರು ಎದ್ದು ನಿಂತರು. “ಕಲ್ಲು ತರಿಸಿ ಮೇಷ್ಟ್ರೇ. ಬೀಸುವ ಪದವನ್ನು ಬೀಸುತ್ತಲೇ ಹಾಡುವುದು ನ್ಯಾಯವಾಗಿಯೇ ಇದೆ.” ಸಾಹೇಬರು ಅಂದಮ್ಯಾಲೆ ಆತಲ್ಲ!

ಸಾಲಿ ಮಗ್ಗಲಕ ಗುರುಸಿದ್ದವ್ವ ಅನ್ನೂ ಮುದುಕಿ ಮನಿ. ಆಕಿ ಮನ್ಯಾಗ ಕಲ್ಲು ಇತ್ತು. ಬಾಗಿಲಾಗ ನಿಂತು ಆಕಿ ಖಡಕ್ಕಾಗಿ ಹೇಳಿದಳು:

“ಕಲ್ಲು ಒಯ್ರಿ, ಬ್ಯಾಡನ್ನೂದಿಲ್ಲ. ಆದ್ರ ಬರೇ ಕಲ್ಲು ತಿರುವಬಾರದು, ಮನಿಗಿ ಕೇಡು. ಕಾಳು ಹಾಕೇ ಬೀಸಬೇಕು. ನಾಳಿ ನಮ್ಮ ಬಸರಿ ಮೊಮ್ಮಗಳ ಕುಬಸ ಐತಿ, ಈ ಐದು ಸೇರು ಜ್ವಾಳ ತಗೊಂಡು ಹೋಗ್ರಿ. ಕಾಳು ಮುಗಿಯೂತನಕ ನಡುವ ಏಳೂವಂಗಿಲ್ಲ, ನೆನಪಿರಲಿ. ಹಿಟ್ಟು ಸಣ್ಣಗಿರಲಿ!”

ನೋಡ್ರಿ ಶಾಣೇತನ! ಹುನಗುಂದದ ಮೇಳ ತನ್ನ ಕುಬಸದ ಹಿಟ್ಟಿಗಿ ಕೂಡಿದಂಗ ಮಾಡಿಬಿಟ್ಟಳು.

ಈಗ ಕಲ್ಲು ಹೊರವರು ಯಾರು? ಮಾಸ್ತರು ಸುತ್ತ ನೋಡಿದರು. ಮುಂದಿನ ಸಾಲಿನ್ಯಾಗ ಬಂಡೆಪ್ಪನ ಹೆಗಲು ಎದ್ದು ಕಂಡಿತು.

“ಬಂಡೆಪ್ಪಾ, ನಿನ್ನ ಹೇಣತೀದ ಕೆಲಸ. ಏಳಪಾ!”

“ನಾ? ಡೊಳ್ಳು ಹೊತ್ತ ಹೆಗಲಿಗಿ ಬೀಸೂಕಲ್ಲಾ?”

“ಮತ್ತ ಸಾಹೇಬರು ಹೊರಬೇಕೇನು?”

ಬಂಡೆಪ್ಪ ಎದ್ದ. ಬೇವೂರಿಂದ ಬದಾಮಿತನಕ ಹೆಸರಾದ ಡೊಳ್ಳಿನ ಬಂಡೆಪ್ಪ, ಹಳದಿ ರುಮಾಲು ಸುತ್ತಿದ ಬಂಡೆಪ್ಪ, ಒಂದು ಸಾವಿರ ಮಂದಿ ನಡುವ ಹಾಯ್ದು ಬೀಸೂಕಲ್ಲಿನ ಕೆಳಗಿನ ಬಿಲ್ಲಿ ಹೊತಗೊಂಡು ಬಂದ! ಮ್ಯಾಲಿನ ಬಿಲ್ಲಿ ಹೊತ್ತ ಇನ್ನೊಬ್ಬ ಡೊಳ್ಳಿನವ ಹಿಂದ. ಜ್ವಾಳದ ಪುಟ್ಟಿ ಹೊತ್ತ ಮಾಸ್ತರು ಅವರ ಹಿಂದ. ಮಂದಿ ಸಿಳ್ಳಿ ಹೊಡದಿದ್ದ ಹೊಡದಿದ್ದು. ಕಲ್ಲು ಇಳಿಸಿ ಬಂಡೆಪ್ಪ ಹೆಂಡತಿ ಕಿವ್ಯಾಗ ಹಲ್ಲು ಕಡದ: “ಇನ್ನರ ಬಾಯಿ ತಗೀ ನಮ್ಮವ್ವಾ. ಇಲ್ಲಂದ್ರ ಈ ಕಲ್ಲು ನನ್ನ ಕೊಳ್ಳಿಗಿ ಕಟಗೊಂಡು ಬಾವಿ ಹಾರ್ತೇನಿ!”

ಬೋರವ್ವ ಕಲ್ಲಿಗಿ ಕುಂಕುಮ ಹಚ್ಚಿದಳು. ಒಂದು ಹಿಡಿ ಜ್ವಾಳ ಕಲ್ಲಿನ ಬಾಯಿಗಿ ಹಾಕಿದಳು. ಗೂಟಕ್ಕ ಕೈ ಹಚ್ಚಿದಳು. ಎದುರಿಂದ ಸತ್ಯವ್ವನ ಕೈಯೂ ಬಂತು. ಕಲ್ಲು ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು. ಮೂರನೇ ಸುತ್ತಿಗಿ, ಒಡ್ಡು ಒಡದ ನೀರಿನಂಗ ಬಂತು ನೋಡ್ರಿ ಪದಾ!

*ಕಲ್ಲೀಗಿ ಕೈ ಮುಗಿದು ಕಾಳೀಗಿ ಕೈ ಮುಗಿದು*
*ಬಲ್ಲಿದ ಬೀರಪ್ಪಗ ಶರಣೆಂದು – ಕುಂತೇನ*
*ಸೊಲ್ಲಿಗೆ ಸೊಲ್ಲು ಕೊಡು ತಂದಿ ||*

ಮೈಕು ಕಲ್ಲಿನ ಮಗ್ಗಲಕ ಇತ್ತು. ಕಲ್ಲಿನ ಸಪ್ಪಳ ನಾಕು ಭೋಂಗಾದಾಗ ಹಾಯ್ದು ಗುಡುಗುಡು ಅಂತ ಊರ ಮ್ಯಾಲೆ ಉರುಳಿತು. ಬಸ್ ಸ್ಟ್ಯಾಂಡಿನ ಮಂದಿ ಮುಗಿಲು ನೋಡಿ ಗಂಟು ಮೂಟಿ ಒಳಗ ತಗೊಂಡರಂತ! ಮುದುಕೇರು ಕುಂತಲ್ಲೆ ತೂಗಾಕ ಹತ್ತಿದರು. ಶಾರವ್ವನ ಸೆರಗು ಬಾಯಿಂದ ಇಳೀತು. ಆಕಿ ಕೈಯೂ ಗಾಳ್ಯಾಗ ಸಣ್ಣಗ ತಿರುಗಾಕ ಹತ್ತಿತ್ತು.

ಒಂದು ಪದಕ್ಕ ಇನ್ನೊಂದು ಪದಾ ಕೊಂಡಿ ಹಾಕಿಕೊಂಡು ಬಂದವು. ತವರೂರಿನ ದಾರಿ ಪದಾ, ಅಣ್ಣನ ಪದಾ, ಮಳಿರಾಜನ ಪದಾ. ಐದು ನಿಮಿಷ ಎಂದೋ ಆಗಿತ್ತು. ಈರಪ್ಪ ಮಾಸ್ತರು ಗಂಟಿ ಬಾರಿಸಿದರು. ಪುಟ್ಟ್ಯಾಗ ಇನ್ನೂ ಜ್ವಾಳ ಇತ್ತು, ಏಳೂವಂಗಿಲ್ಲ! ಮಾಸ್ತರು ಮತ್ತ ಬಾರಿಸಿದರು. ಬೋರವ್ವ ಕಣ್ಣು ಸುದ್ದಾ ಎತ್ತಲಿಲ್ಲ. ಕಲ್ಲಿನ ಸುತ್ತಿನ್ಯಾಗ ಅವರನ್ನೂ ಹಾಕಿ ಬೀಸಿದಳು:

*ಗಂಟೀಯ ಬಾರಿಸಿ ಗಡಿಬಿಡಿ ಮಾಡಬ್ಯಾಡ*
*ಕಂಠಕ್ಕ ಬಂದ ಪದ ನಿಲ್ಲಾವೊ – ಮಾಸ್ತರ*
*ಎಂಟು ಹಿಡಿ ಕಾಳು ಉಳಿದಾವೊ ||*

ಪೆಂಡಾಲ ಹಾರಿ ಹೋಗೂವಂಗ ಮಂದಿ ನಕ್ಕಿತು. ಮಾಸ್ತರು ಗಂಟಿ ಬಗಲಾಗ ಇಟಗೊಂಡು ಕುಂತುಬಿಟ್ಟರು.

ಇಲ್ಲಿಗೆ ನಿಂತಿದ್ರ ಚೊಲೋ ಇತ್ತು. ಆದ್ರ ಬೀಸೂಕಲ್ಲಿನ ಗುಣಾ ನಿಮಗ ಗೊತ್ತಿರಬೇಕು. ಕಲ್ಲಿನ ಮುಂದ ಕುಂತ ಹೆಣಮಗಳಿಗಿ ಎದುರು ಯಾರೂ ಕಾಣೂದಿಲ್ಲ. ಅತ್ತಿ ಬೈದದ್ದು, ನೆಗೆಣ್ಣಿ ಹಂಗಿಸಿದ್ದು, ಗಂಡನ ಹುಳುಕು, ಯಾರ ಮುಂದೂ ಆಡಲಾರದ್ದನ್ನೆಲ್ಲಾ ಕಲ್ಲಿಗಿ ಹೇಳೂದು ಮದಲಿನಿಂದ ಬಂದ ರೂಢಿ. ಕಲ್ಲು ಕೇಳತೈತಿ, ಯಾರ ಮುಂದೂ ಆಡೂದಿಲ್ಲ. ಪಾಪ, ಬೋರವ್ವಗ ಮೈಕಿನ ನೆನಪ ಹಾರಿತ್ತು! ಕಣ್ಣು ಮುಚ್ಚಿ ಎತ್ತಿದಳು:

*ಡೊಳ್ಳ ಹೊತ್ತೋನ ಡೌಲು ಊರೀಗಿ ಗೊತ್ತೈತಿ*
*ಹಳ್ಳದ ದಂಡ್ಯಾಗ ಹೆದರ್ಯಾನ – ನನ ರಾಯ*
*ಮುಳ್ಳೀನ ಗಿಡವ ದೆವ್ವಂದು ||*

ಹತ್ತು ಮಂದಿ ಡೊಳ್ಳಿನವರು ಒಮ್ಮೆಲೆ ಬಂಡೆಪ್ಪನ ಕಡೆ ಹೊಳ್ಳಿದರು. “ಹೌದೇನಲೇ ಬಂಡ್ಯಾ?” ಬಂಡೆಪ್ಪ ರುಮಾಲು ಕಣ್ಣಿನತನಕ ಇಳಿಸಿಕೊಂಡ. ಆ ಮುಳ್ಳಿನ ಗಿಡದ ಸುದ್ದಿ ಹದಿನೆಂಟು ವರ್ಷದಿಂದ ಗಂಡ ಹೆಂಡರ ನಡುವ ಬಾಯಿ ಕಟ್ಟಿ ಕುಂತಿತ್ತು. ಇವತ್ತು ತಾಲೂಕಿಗೆಲ್ಲಾ ಗೊತ್ತಾತು!

ಬೋರವ್ವನ ಕಲ್ಲು ಬಂಡೆಪ್ಪನ ಮನಿ ದಾಟಿ ಊರಾಗ ಹೊಂಟಿತು:

*ಗಿರಣೀಯ ಹಿಟ್ಟೀನ ರೊಟ್ಟಿ ಮುಟ್ಟಿದರ ಹರದಾವ*
*ಕರುಣಿಲ್ಲ ಹುಲ್ಲಪ್ಪನ ಯಂತರಕ – ಹಿಟ್ಟಾಗ*
*ಅರವಾಸಿ ಕಬ್ಬಿಣ ಬೆರಸ್ಯಾನ ||*

ಹುಲ್ಲಪ್ಪ ತಡೀಲಿಲ್ಲ. ಸುಗ್ಗಿ ಸುಗ್ಗಿಗಿ ಸವದ ಗಿರಣಿ ಕಲ್ಲಿಗಿ ಹಲ್ಲು ಕಟಿಸಿ, ಜರಡಿ ಹಿಡದು, ಮಂದಿ ಬೈದದ್ದೆಲ್ಲಾ ಉಂಡವ. ಹಿಂದಿನ ಸಾಲಿನ್ಯಾಗ ಜಿಗದು ನಿಂತ. “ಯಕ್ಕಾ! ಹಂಗಾರ ಮನ್ನಿ ಸೋಮಾರ ಹಿತ್ತಲ ದಾರಿಲೆ ಪುಟ್ಟಿ ಹೊತಗೊಂಡು ನನ್ನ ಗಿರಣಿಗಿ ಬಂದಾಕಿ ಯಾರಬೇ?”

ಬೋರವ್ವ ಕಣ್ಣು ತಗದಳು. ಸಾವಿರ ಮಂದಿ ಕಣ್ಣು ಆಕಿ ಮ್ಯಾಲೆ! ಆಗ ನೆನಪಾತು ಮೈಕು. ಆಗ ನೆನಪಾತು ಗಂಡ. ಆರು ವರ್ಷ ಸೆರಗಿನಾಗ ಮುಚ್ಚಿದ ಪುಟ್ಟಿ ನಡು ಬಯಲಾಗ ಉರುಳಿ ಬಿದ್ದಂಗಾತು. ಪದಾ ನಿಲ್ಲಬೇಕಾಗಿತ್ತು. ಆದ್ರ ಕಲ್ಲಿನ ಬಾಯಾಗ ಕಾಳು ಇತ್ತು. ಕೈ ನಿಲ್ಲಲಿಲ್ಲ. ಕೈ ನಿಲ್ಲಲಿಲ್ಲಂದ ಮ್ಯಾಲೆ ಬಾಯಿ ಹೆಂಗ ನಿಂತೀತು? ಒಂದು ಸುತ್ತು ಬರೇ ಕಲ್ಲು ತಿರುಗಿತು. ಎರಡನೇ ಸುತ್ತಿಗಿ ಉತ್ತರ ಬಂತು:

*ಸೋಮಾರ ಬಂದದ್ದು ಸುಳ್ಳಲ್ಲೊ ಹುಲ್ಲಪ್ಪ*
*ನೇಮದಲಿ ಕಲ್ಲೀಗಿ ಸೂಟೀಯ – ಕೊಟ್ಟೇನ*
*ಗ್ರಾಮದ ಗಿರಣಿ ಬದುಕಲಿ ||*

ಮುಗದ ಹೋತು! ಮಂದಿ ಎದ್ದು ಕುಣೀತು. ಮುದುಕರು ರುಮಾಲು ತೂರಿದರು. ಹುಲ್ಲಪ್ಪ ಸ್ವತಾ ನಕ್ಕು ನಕ್ಕು ಕಂಬ ಹಿಡಕೊಂಡ. “ಸೋತೆ ಯಕ್ಕಾ, ಸೋತೆ! ಇನ್ನ ಹಿತ್ತಲ ದಾರಿ ಬ್ಯಾಡ, ಮುಂದಿನ ಬಾಗಿಲಲೆ ಬಾ!” ಅಂತ ಒದರಿದ. ಬೋರವ್ವ ಕಡೀ ಹಿಡಿ ಕಾಳು ಹಾಕಿ, ಕೊಟ್ಟ ಮನೀನೂ ಹುಟ್ಟಿದ ಮನೀನೂ ಕಲ್ಲು ಕೊಟ್ಟ ಮನೀನೂ ಹರಸಿ, ಗೂಟದಿಂದ ಕೈ ತಗದಳು. ಹತ್ತೊಂಬತ್ತು ಪದಾ ಆಗಿದ್ದವು. ಗುರುಸಿದ್ದವ್ವ ಕಟ್ಟಿ ಏರಿ ಹಿಟ್ಟು ಬೆರಳಾಗ ತಿಕ್ಕಿ ನೋಡಿ, “ಸಣ್ಣಗೈತಿ” ಅಂದು ಪುಟ್ಟಿ ಎತಗೊಂಡು ನಡದಳು. ಮದಲನೇ ತೀರ್ಪು ಅದ!

ಎರಡನೇ ತೀರ್ಪು ಸಂಜಿ ಮುಂದ ಬಂತು. ಹೆಣಮಕ್ಕಳ ಪದಕ್ಕ ಒಂದನೇ ನಂಬರ ಮರೋಳದ ಬೋರವ್ವ, ಎರಡನೇ ನಂಬರ ಇಳಕಲ್ಲ ಶಾರವ್ವ. ಬೋರವ್ವಗ ಒಂದು ಹಿತ್ತಾಳಿ ಕೊಡ, ಒಂದು ಶಾಲು. ಡೊಳ್ಳಿನ್ಯಾಗ ಬಂಡೆಪ್ಪನ ಮೇಳಕ್ಕ ಎರಡನೇ ನಂಬರ ಬಂದಿತ್ತು. ಅದನ್ನ ಯಾರೂ ಜೋರಾಗಿ ಹೇಳಲಿಲ್ಲ.

ಕನ್ನಡಕದ ಸಾಹೇಬರು ಶಾಲು ಹೊದಿಸಿ ಕೇಳಿದರು: “ತಾಯಿ, ನಿಮಗೆ ಇಂಥ ಪದಗಳು ಒಟ್ಟು ಎಷ್ಟು ಬರುತ್ತವೆ?”

“ನೂರಾ ಒಂದ್ರಿ!”

“ಹಾಗಾದರೆ ಗುರುವಾರ ಟೇಪಿನ ಪೆಟ್ಟಿಗೆ ತೆಗೆದುಕೊಂಡು ನಿಮ್ಮ ಊರಿಗೇ ಬರುತ್ತೇನೆ. ನೂರಾ ಒಂದನ್ನೂ ಹಾಡುತ್ತೀರಾ?”

“ಅದಕ್ಕೇನ್ರಿ! ಬರ್ರಿ!” ಸಾವಿರ ಮಂದಿ ನೋಡಾಕ ಹತ್ತಿದ್ದಾಗ ಒಂದು ಒಲ್ಲೆ ಅನ್ನಾಕ ಬರತೈತೇನು?

ಹೊಳ್ಳಿ ಬರೂ ಮುಂದ ಟ್ರ್ಯಾಕ್ಟರಿನ್ಯಾಗ ಎಲ್ಲಾರೂ ಮಾತಾಡಿದರು, ಬಂಡೆಪ್ಪ ಒಬ್ಬ ಡೊಳ್ಳಿನ ಹಗ್ಗ ಬಿಗಿಕೋತ ಕುಂತಿದ್ದ. ಬೋರವ್ವ ಕೊಡ ಅವಚಿಕೊಂಡು ಮೂಲ್ಯಾಗ ಕುಂತಳು. ಗೆದ್ದದ್ದೇನೋ ಖರೆ. ಆದ್ರ ಮುಳ್ಳಿನ ಗಿಡ ಕಣ್ಣ ಮುಂದ ನಿಂತಿತ್ತು. ಇನ್ನ ಮನಿಗಿ ಹೋದ ಮ್ಯಾಲೆ ಏನು ಕಾದೈತೋ! ಊರು ಹತ್ತರ ಬಂದಾಗ ಬಂಡೆಪ್ಪ ಕೆಮ್ಮಿದ.

“ಗಂಟಿ ಪದದಾಗ...”

“ಹಾಂ?”

“ಮೂರನೇ ಸಾಲಿಗಿ ಉಸಿರು ಕಡಿಮಿ ಬಿತ್ತು ನಿನಗ. ಎರಡನೇ ಸಾಲು ಎಳಿಯೂ ಮುಂದ ಅರ್ಧ ಉಸಿರು ಕೂಡಿಟಗೋಬೇಕು. ಡೊಳ್ಳಿನ ಪದದಾಗ ನಾವು ಹಂಗ ಮಾಡ್ತೇವಿ.”

ಬೋರವ್ವ ಗಂಡನ ಮಾರಿ ನೋಡಿದಳು. ಇಪ್ಪತ್ತಾರು ವರ್ಷದಾಗ ಈ ಮನುಷ್ಯ ತನ್ನ ಸಂಗಾಟ ಉಪ್ಪಿನ ಮಾತಾಡ್ಯಾನ, ಉಳ್ಳಾಗಡ್ಡಿ ಮಾತಾಡ್ಯಾನ. ಉಸಿರಿನ ಮಾತಾಡಿದ್ದಿಲ್ಲ. ಅದು ಹಾಡಾವರು ಹಾಡಾವರ ಸಂಗಾಟ ಆಡೂ ಮಾತು!

“ಮತ್ತ... ಆ ಮುಳ್ಳಿನ ಗಿಡದ್ದು?”

“ಅದರಾಗ ಉಸಿರು ಬರೋಬ್ಬರಿ ಇತ್ತು” ಅಂದು ಬಂಡೆಪ್ಪ ಮಾರಿ ಆ ಕಡೆ ತಿರುವಿದ. “ಆದ್ರೂ ಅದು ದೆವ್ವನ ಆಗಿತ್ತು!”

ಕೊಡ ಅವಚಿಕೊಂಡ ಬೋರವ್ವಗ ಮರೋಳದ ಅಗಸಿ ಬಾಗಿಲ ಆವತ್ತು ಭಾಳ ಸಣ್ಣದು ಕಂಡಿತು.

ಮರುದಿವಸ ಕಲ್ಲಿನ ಮ್ಯಾಲಿನ ಹ್ಯಾಟಿಗಿ ಬ್ಯಾರೆ ಜಾಗಾ ಆತು. ಬಂಡೆಪ್ಪ ತಾನ ನಿಂತು ಕಲ್ಲಿಗಿ ಹಲ್ಲು ಕಟಿಸಿದ. ಅತ್ತ ಸತ್ಯವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. “ಯಕ್ಕಾ, ಐದು ಸೇರಿಗಿ ಹತ್ತೊಂಬತ್ತು ಪದಾ ಬಂದ್ವು. ನೂರಾ ಒಂದಕ್ಕ ಇಪ್ಪತ್ತೇಳು ಸೇರು ಜ್ವಾಳ ಬೇಕಾಗತೈತಲ್ಲಬೇ!”

“ಬೀಸೂಣು ಬಿಡ! ಪದಾ ಇದ್ದಾಕಿಗಿ ಜ್ವಾಳದ ಅಂಜಿಕಿ ಏನು?”

ಗುರುವಾರ ಹೊತ್ತು ಹೊಂಡೂದರಾಗ ಬೋರವ್ವ ಬಾಗಿಲ ತಗದಳು. ತಗದು ಎರಡು ಹೆಜ್ಜಿ ಹಿಂದ ಸರದಳು. ಅಂಗಳದಿಂದ ಬೀರಪ್ಪನ ಗುಡಿತನಕ ಊರ ಹೆಣಮಕ್ಕಳೆಲ್ಲಾ ಪುಟ್ಟಿ ತಲಿ ಮ್ಯಾಲೆ ಹೊತಗೊಂಡು ಸಾಲಾಗಿ ನಿಂತಿದ್ದರು!

“ಏನ್ರವ್ವಾ ಇದು?”

ಮುಂದ ನಿಂತಿದ್ದ ಸೋಮವ್ವ ಪುಟ್ಟಿ ಇಳಿಸಿದಳು. “ಬರೇ ನಿಮ್ಮ ಮನಿ ಜ್ವಾಳಕ್ಕ ಹಾಡಿದ್ರ ಹೆಂಗ ಯವ್ವಾ? ಟೇಪು ಆಗತೈತಂತ. ನಮ್ಮ ಜ್ವಾಳದ ಮ್ಯಾಲೂ ಒಂದೆರಡು ಪದಾ ಬೀಳಲಿ!”

“ನಮ್ಮತ್ತಿ ಹೆಸರು ಒಂದರಾಗ ಹಾಕಬೇ!” ಅಂದಳು ಇನ್ನೊಬ್ಬಾಕಿ.

ಒಲ್ಲೆ ಅಂದ್ರ ಪದಗಾರತಿ ಮಾನ ಏನಾತು? ಬೋರವ್ವ ಗೂಟಕ್ಕ ಕೈ ಹಚ್ಚಿದಳು. ಸಾಹೇಬರು ಬಂದರು, ಪೆಟಗಿ ಬಿಚ್ಚಿದರು. ಪದಾ ಹೊಂಟವು. ಮಧ್ಯಾಹ್ನ ಇಳಿಯೂದರಾಗ ನೂರಾ ಒಂದೂ ಮುಗದವು. ಬೋರವ್ವಗ ತಾ ಕಲತದ್ದ ಗೊತ್ತಿಲ್ಲದ ಹನ್ನೆರಡು ಹೆಚ್ಚಿಗಿ ಬಂದವು! ಸಾಹೇಬರು ಕೈ ಮುಗದು, “ಧನ್ಯನಾದೆ ತಾಯಿ” ಅಂದು ಬಸ್ಸು ಹಿಡದರು.

ಸಾಹೇಬರು ಹೋದರು. ಪುಟ್ಟಿ ಹೋಗಲಿಲ್ಲ! ಇನ್ನೂ ಹದಿನಾಕು ಪುಟ್ಟಿ ಸಾಲಿನ್ಯಾಗಿದ್ದವು. ತಂದ ಕಾಳು ಬೀಸಲಾರದ ಹೊಳ್ಳಿ ಕಳಸೂದು ಶಾಸ್ತ್ರಕ್ಕ ಬರೂದಿಲ್ಲ. ಪದಾ ಇಲ್ಲದ ಕಲ್ಲು ತಿರುವೂದೂ ಆಗೂದಿಲ್ಲ. ಬೋರವ್ವನ ಅಂಗೈಯಾಗ ಗುಳ್ಳಿ ಎದ್ದು ಒಡದಿದ್ದವು. ದನಿ ಹೋಗಿ ಸತ್ಯವ್ವನ ಕಿವಿಗೂ ಕೇಳದಂಗ ಆಗಿತ್ತು. ಬಂಡೆಪ್ಪ ಬಾಗಿಲಾಗ ರುಮಾಲು ಸುತಗೊಂಡು ನಿಂತು ಸಾಲು ಕಾಯಾಕ ಹತ್ತಿದ್ದ: “ಒಬ್ಬೊಬ್ಬರ ಬರ್ರವ್ವ! ಗದ್ದಲ ಬ್ಯಾಡ! ನಮ್ಮಾಕಿ ಎಲ್ಲಾರಿಗೂ ಹಾಡ್ತಾಳ!”

ದೀಪ ಹಚ್ಚೂ ಹೊತ್ತಿಗಿ ಸಾಲಿನ ತುದ್ಯಾಗ ಹುಲ್ಲಪ್ಪ ಕಂಡ. ಬೋರವ್ವಗ ದೇವರ ಬಂದಂಗಾತು. ಕಲ್ಲು ಹಿಡಕೊಂಡ ಎದ್ದಳು, ಗ್ವಾಡಿ ಹಿಡಕೊಂಡ ಅವನತನಕ ಬಂದಳು, ಇದ್ದಷ್ಟು ದನೀಲೆ ಅಂದಳು.

“ತಮ್ಮಾ ಹುಲ್ಲಪ್ಪಾ, ನಿನಗ ಅಂದದ್ದೆಲ್ಲಾ ಹೊಳ್ಳಿ ತಗೊಂಡೇನಪ್ಪ. ನಿನ್ನ ಹಿಟ್ಟು ಬಂಗಾರದ ಹಿಟ್ಟು! ಗಿರಣಿ ಚಾಲೂ ಐತಿಲ್ಲೋ? ಇವನ್ನೆಲ್ಲಾ ಒಯ್ದು ಬೀಸಿ ಕೊಡೋ, ನಿನ್ನ ಕಾಲಿಗಿ ಬೀಳ್ತೇನಿ!”

ಹುಲ್ಲಪ್ಪ ಬೆನ್ನ ಹಿಂದ ಹಿಡದಿದ್ದ ಪುಟ್ಟಿ ಮೆಲ್ಲಗ ಮುಂದ ತಂದ.

“ಗಿರಣಿ ಮುಂಜಾನಿಂದ ಚಾಲೂ ಐತಿ ಯಕ್ಕಾ. ಒಬ್ಬರೂ ಬರವಲ್ಲರು. ನಮ್ಮನಿಯಾಕಿ ಸುದ್ದಾ ‘ನಿನ್ನ ಗಿರಣಿಗಿ ಪದಾ ಎಲ್ಲಿ ಬರ್ತಾವು?’ ಅಂತ ಬೈದು ಇದನ್ನ ಕೈಯಾಗ ಕೊಟ್ಟು ಕಳಸ್ಯಾಳ. ನನ್ನ ಪಾಳಿ ಎಷ್ಟನೇದು?”